ಅರೆಕಾಲಿಕ ಕಾರು ಡೀಟೇಲಿಂಗ್‌ಗೆ ಹೊಸ ಪ್ರೆಷರ್ ವಾಷರ್: ಪದೇ ಪದೇ ಕೇಳುವ ಪ್ರಶ್ನೆಗಳು

ವಾರವೆಲ್ಲ ಬೇರೆ ನೌಕರಿ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಕಾರು ಡೀಟೇಲಿಂಗ್, ಅಂದರೆ ಕಾರನ್ನು ಒಳಗೂ ಹೊರಗೂ ಕೂಲಂಕಷವಾಗಿ ಶುಚಿ ಮಾಡುವ ಕೆಲಸ. ದಾವಣಗೆರೆಯ ನಿಟುವಳ್ಳಿಯಲ್ಲಿ, ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಆರು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಒತ್ತಡದಿಂದ ನೀರು ಚಿಮ್ಮಿಸಿ ತೊಳೆಯುವ ಪ್ರೆಷರ್ ವಾಷರ್ ಯಂತ್ರಗಳು ಎರಡು ಕೈಕೊಟ್ಟಿವೆ, ಮೂರನೆಯದು ನಡೆಯುತ್ತಿದೆ. ಯಂತ್ರ ಬದಲಾಯಿಸಬೇಕೆಂದಿರುವ ಹುಡುಗರು ಹರಿಹರ, ಹೊಳಲ್ಕೆರೆ, ಚಿತ್ರದುರ್ಗದಿಂದಲೂ ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲ ಮಾತು

ಅಣ್ಣಾ, ಹಳೆಯ ಮಷಿನ್ ಕೆಟ್ಟಿದೆ. ರಿಪೇರಿ ಮಾಡಿಸಲೋ, ಹೊಸದು ಕೊಳ್ಳಲೋ?

ಏನು ಕೆಟ್ಟಿದೆ ಎಂದು ಬಿಚ್ಚಿ ನೋಡುವ ಮೊದಲು ಹೊಸದರ ಬೆಲೆ ವಿಚಾರಿಸಬೇಡಿ. ನನ್ನ ಎರಡನೆಯ ಯಂತ್ರ ನಿಂತದ್ದು ಆಯುಧಪೂಜೆಯ ಹಿಂದಿನ ಭಾನುವಾರ. ಕಪ್ಪು ಬಣ್ಣದ ಕಾರಿಗೆ ಆಗಷ್ಟೇ ಫೋಮ್ ಹೊಡೆದಿದ್ದೆ, ಹೊರಗೆ ಇನ್ನೂ ಮೂರು ಕಾರುಗಳು ಕಾಯುತ್ತಿದ್ದವು. ಯಂತ್ರ ಒಮ್ಮೆ ಕಿರುಚಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಬಿಸಿಲಿಗೆ ಫೋಮ್ ಬಾನೆಟ್ ಮೇಲೆ ಒಣಗಿ ಕಲೆಯಾಗುವುದರೊಳಗೆ ಬಕೆಟ್, ಮಗ್ಗು ಹಿಡಿದು ಓಡಾಡಿದೆ. ಸಂಜೆ ಬಿಚ್ಚಿ ನೋಡಿದರೆ ಮೋಟಾರಿಗೆ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ತುಂಡುಗಳಲ್ಲಿ ಒಂದು ಹುರಿಗಡಲೆಯಷ್ಟು ಉಳಿದಿತ್ತು. ಕಾರ್ಬನ್ ಉಜ್ಜುವ ತಾಮ್ರದ ಪಟ್ಟಿಗಳು ಗೀರು ಬಿದ್ದು ಕಪ್ಪಾಗಿದ್ದವು. ಬರೀ ಕಾರ್ಬನ್ ಸವೆದಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗವೇ ಸುಟ್ಟಿದ್ದರಿಂದ ಅದನ್ನು ಬಿಟ್ಟುಬಿಟ್ಟೆ.

ಕಾರ್ಬನ್, ಆಯಿಲ್ ಸೀಲ್, ಓ-ರಿಂಗ್ (ರಬ್ಬರ್ ಉಂಗುರ), ವಾಲ್ವ್, ಮೋಟಾರು ಎದ್ದೇಳಲು ನೆರವಾಗುವ ಕೆಪಾಸಿಟರ್, ಸ್ವಿಚ್ ಹೋಗಿದ್ದರೆ ರಿಪೇರಿ ಮಾಡಿಸಿ. ಆರ್ಮೇಚರ್ ಸುಟ್ಟಿದ್ದರೆ ಅಥವಾ ಪಂಪಿನ ತಲೆ ಬಿರುಕು ಬಿಟ್ಟಿದ್ದರೆ ಹೊಸದನ್ನು ನೋಡಿ. ರಿಪೇರಿಯ ಖರ್ಚು ಹೊಸ ಯಂತ್ರದ ಬೆಲೆಯ ಮೂರನೆಯ ಒಂದು ಭಾಗ ದಾಟಿದರೆ ನಾನು ಮಾಡಿಸುವುದಿಲ್ಲ. ಹಬ್ಬದ ಸಾಲು ಶುರುವಾಗುವ ಮೊದಲೇ ಕಾರ್ಬನ್ ತೆಗೆದು ನೋಡುವ ಅಭ್ಯಾಸವಿದ್ದಿದ್ದರೆ ಆ ಭಾನುವಾರ ನನಗೆ ಬರುತ್ತಿರಲಿಲ್ಲ.

ಎಷ್ಟು ಬಾರ್ ಇರುವುದನ್ನು ತೆಗೆದುಕೊಳ್ಳಬೇಕು? ಹೆಚ್ಚು ಬಾರ್ ಇದ್ದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಬಾರ್ ಎಂದರೆ ನೀರಿನ ಒತ್ತಡದ ಅಳತೆ. ನೀರು ಬಿಡುವ ಗನ್ ಒತ್ತಿ ಹಿಡಿದಾಗ 80ರಿಂದ 100 ಬಾರ್ ನಿಜವಾಗಿ ಸಿಕ್ಕರೆ ಕಾರಿಗೆ ಧಾರಾಳವಾಯಿತು. ಕೆಲವು ಡಬ್ಬಗಳ ಮೇಲೆ ಪಿಎಸ್‌ಐ ಲೆಕ್ಕದಲ್ಲಿ ಬರೆದಿರುತ್ತಾರೆ. ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ, ಅಂದರೆ 100 ಬಾರ್ 1450 ಪಿಎಸ್‌ಐಗೆ ಸಮ.

ತೋಟಕ್ಕೆ ಪೈಪಿನಲ್ಲಿ ನೀರು ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತದೆ, ಆದರೆ ಪಾತಿ ತುಂಬುವುದು ತಡವಾಗುತ್ತದೆ. ಒತ್ತಡವು ಮಣ್ಣನ್ನು ಬಣ್ಣದಿಂದ ಬಿಡಿಸುತ್ತದೆ. ಬಿಡಿಸಿದ ಮಣ್ಣನ್ನು ಹೊತ್ತು ಕೆಳಗಿಳಿಸುವುದು ನೀರಿನ ಪ್ರಮಾಣ. ನಮ್ಮ ಸುತ್ತಿನ ಎರೆ ಮಣ್ಣು ಒಣಗಿ ವೀಲ್ ಕಮಾನಿನೊಳಗೆ ಕಲ್ಲಿನಂತೆ ಕೂತಿರುತ್ತದೆ. ಸೂಜಿಯಂಥ ಧಾರೆ ಅದರಲ್ಲಿ ತೂತು ಕೊರೆಯುತ್ತದೆ, ಹೆಂಟೆ ಅಲ್ಲೇ ಉಳಿಯುತ್ತದೆ. ದಪ್ಪ ಧಾರೆ ಅದನ್ನು ನೆನೆಸಿ ಹೆಂಟೆಯಾಗಿಯೇ ಬೀಳಿಸುತ್ತದೆ.

ಒತ್ತಡ ಹೆಚ್ಚಾದರೆ ಅಪಾಯವೂ ಇದೆ. ಹಿಂದೆ ಡಿಕ್ಕಿಯಾಗಿ ಮತ್ತೆ ಬಣ್ಣ ಹೊಡೆಸಿದ ಬಂಪರ್‌ನಲ್ಲಿ ಬಣ್ಣದ ಹಿಡಿತ ಕಂಪನಿಯ ಬಣ್ಣದಷ್ಟು ಗಟ್ಟಿಯಾಗಿರುವುದಿಲ್ಲ. ಒಂದು ಗೇಣು ದೂರದಿಂದ ಕಿರಿದಾದ ಧಾರೆ ಬಿಟ್ಟರೆ ಕಲ್ಲೇಟು ಬಿದ್ದ ಜಾಗದಿಂದ ಶುರುವಾಗಿ ಹಪ್ಪಳದಂತೆ ಏಳುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬಂಪರ್‌ಗೆ ಮತ್ತೆ ಬಣ್ಣ ಹೊಡೆಸಿಯೂ ಕೊಟ್ಟಿದ್ದೇನೆ.

ಹಾಗಾದರೆ ನಿಮಿಷಕ್ಕೆ ಎಷ್ಟು ಲೀಟರ್ ಬೇಕು?

ದುಡಿಮೆಗೆ ಕೊಳ್ಳುವುದಾದರೆ 7.5ರಿಂದ 9 ಲೀಟರ್. ಮನೆಬಳಕೆಯ ಸಣ್ಣ ಯಂತ್ರಗಳು ಸಾಮಾನ್ಯವಾಗಿ 5.5ರಿಂದ 6.5 ಲೀಟರ್ ಕೊಡುತ್ತವೆ.

ಕಡಿಮೆ ಲೀಟರ್ ಆದರೆ ನೀರು ಉಳಿಯುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ನಾನು ಗಡಿಯಾರ ಇಟ್ಟು ಎರಡೂ ಯಂತ್ರಗಳಲ್ಲಿ ಅಳೆದೆ. ಈಗಿನ 8 ಲೀಟರ್ ಯಂತ್ರದಲ್ಲಿ ಒಂದು ಹ್ಯಾಚ್‌ಬ್ಯಾಕ್‌ಗೆ ಗನ್ ಒತ್ತಿ ಹಿಡಿಯುವ ಒಟ್ಟು ಸಮಯ ಸುಮಾರು 12 ನಿಮಿಷ, ಅಂದರೆ 96 ಲೀಟರ್ ನೀರು. ಹಳೆಯ 6 ಲೀಟರ್ ಯಂತ್ರದಲ್ಲಿ ಅಂಥದೇ ಕಾರಿಗೆ 16 ನಿಮಿಷ ಹಿಡಿಯಿತು, ನೀರು ಅಷ್ಟೇ ಖರ್ಚಾಯಿತು. ಹೋದದ್ದು ನಾಲ್ಕು ನಿಮಿಷ. ಭಾನುವಾರ ಐದು ಕಾರು ತೊಳೆಯುವವನಿಗೆ ಆ ನಾಲ್ಕು ನಿಮಿಷಗಳು ಕೂಡಿ ಒಂದು ಕಾರಿನ ಒಳಭಾಗ ವ್ಯಾಕ್ಯೂಮ್ ಮಾಡುವಷ್ಟು ಹೊತ್ತಾಗುತ್ತದೆ.

ಡಬ್ಬದ ಮೇಲೆ 2000 ವ್ಯಾಟ್, 180 ಬಾರ್, 10 ಲೀಟರ್ ಎಂದು ಬರೆದಿದೆ. ನಂಬಬಹುದೇ?

ಒಂದು ಗುಣಾಕಾರ, ಒಂದು ಭಾಗಾಕಾರ ಮಾಡಿ. ಬಾರ್ ಅನ್ನು ಲೀಟರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಆ ನೀರಿಗೆ ಬೇಕಾದ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. 180 ಗುಣಿಸು 10, ಭಾಗಿಸು 600: ಮೂರು ಕಿಲೋವ್ಯಾಟ್. ಎರಡು ಕಿಲೋವ್ಯಾಟ್ ಕರೆಂಟು ತಿನ್ನುವ ಯಂತ್ರ ಮೂರು ಕಿಲೋವ್ಯಾಟ್ ಕೆಲಸ ಹೇಗೆ ಮಾಡುತ್ತದೆ? ಮೋಟಾರು, ಪಂಪು ಎರಡರಲ್ಲೂ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ, ಆದ್ದರಿಂದ ಎರಡು ಕಿಲೋವ್ಯಾಟ್ ಕೂಡ ಪೂರ್ತಿ ನೀರಿಗೆ ಸಿಗುವುದಿಲ್ಲ.

ಅದು ಶುದ್ಧ ಸುಳ್ಳು ಎಂದೂ ಅಲ್ಲ. ಗರಿಷ್ಠ ಒತ್ತಡವನ್ನು ಒಂದು ಸ್ಥಿತಿಯಲ್ಲಿ, ಗರಿಷ್ಠ ನೀರನ್ನು ಇನ್ನೊಂದು ಸ್ಥಿತಿಯಲ್ಲಿ ಅಳೆದು ಅಕ್ಕಪಕ್ಕದಲ್ಲಿ ಅಚ್ಚು ಹಾಕಿರುತ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ನೀವು ನೋಡಬೇಕಾದದ್ದು ಕೆಲಸದ ಒತ್ತಡ ಮತ್ತು ಆ ಒತ್ತಡದಲ್ಲಿ ಬರುವ ಲೀಟರ್. 100 ಬಾರ್, 8 ಲೀಟರ್ ಎಂದರೆ 1.33 ಕಿಲೋವ್ಯಾಟ್, ಅದಕ್ಕೆ 1.8ರಿಂದ 2 ಕಿಲೋವ್ಯಾಟ್ ಯಂತ್ರ ಎಂದರೆ ಲೆಕ್ಕ ಕೂಡುತ್ತದೆ. ಅಂಗಡಿಯಲ್ಲಿ ನಿಂತು ಮೊಬೈಲ್‌ನಲ್ಲೇ ಈ ಲೆಕ್ಕ ಮಾಡಿ.

## ಮೋಟಾರು

ಇಂಡಕ್ಷನ್ ಮೋಟಾರೇ ಬೇಕು ಎನ್ನುತ್ತೀರಿ. ಬೆಲೆ ಎರಡರಷ್ಟಾಗುತ್ತದೆ. ಅರೆಕಾಲಿಕ ಕೆಲಸಕ್ಕೆ ನಿಜವಾಗಿ ಬೇಕೇ?

ವಾರಕ್ಕೆ ನಾಲ್ಕು ಕಾರು ದಾಟಿದರೆ ಬೇಕು. ಇಡೀ ಪುಟದಲ್ಲಿ ನಾನು ಒತ್ತಿ ಹೇಳುವ ಮಾತು ಒಂದೇ ಆದರೆ ಅದು ಇದು.

ಹತ್ತು ಸಾವಿರ ರೂಪಾಯಿಯೊಳಗೆ ಸಿಗುವ ಬಹುತೇಕ ಯಂತ್ರಗಳಲ್ಲಿ ಇರುವುದು ಯೂನಿವರ್ಸಲ್ ಮೋಟಾರು. ಮಿಕ್ಸಿಯಲ್ಲಿ, ಡ್ರಿಲ್‌ನಲ್ಲಿ ಇರುವುದೂ ಇದೇ ಜಾತಿ. ಹಗುರ, ವೇಗ ಹೆಚ್ಚು, ಸದ್ದೂ ಹೆಚ್ಚು. ತಿರುಗುವ ಆರ್ಮೇಚರ್‌ಗೆ ಕಾರ್ಬನ್ ತುಂಡುಗಳು ಉಜ್ಜುತ್ತ ಕರೆಂಟು ಕೊಡುತ್ತವೆ, ಉಜ್ಜಿದಷ್ಟೂ ಸವೆಯುತ್ತವೆ. ಇಷ್ಟು ನಿಮಿಷ ಓಡಿಸಿದ ಮೇಲೆ ಇಷ್ಟು ನಿಮಿಷ ಬಿಡಿ ಎಂದು ಇಂಥ ಹಲವು ಯಂತ್ರಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ಆ ಬಿಡುವು ಕೊಡುವವರು ಯಾರು?

ಇಂಡಕ್ಷನ್ ಮೋಟಾರಿನಲ್ಲಿ ಕಾರ್ಬನ್ ಇಲ್ಲ. ಬೋರ್‌ವೆಲ್‌ಗೆ, ಹಿಟ್ಟಿನ ಗಿರಣಿಗೆ ಇರುವ ಜಾತಿ ಅದು. ನಿಮಿಷಕ್ಕೆ 1440 ಅಥವಾ 2800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಪಂಪಿನ ಸೀಲುಗಳಿಗೂ ಆ ನಿಧಾನಗತಿ ಒಳ್ಳೆಯದು. ಪಕ್ಕದ ಮನೆಯ ಅಜ್ಜಿ ಮಧ್ಯಾಹ್ನ ಮಲಗಿದ್ದಾಗಲೂ ಓಡಿಸಬಹುದಾದಷ್ಟು ಸದ್ದು ಕಡಿಮೆ.

ಇದಕ್ಕೆ ಇನ್ನೊಂದು ಕಾರಣ ನಮ್ಮ ಊರೇ. ದಾವಣಗೆರೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. ಇಂದು ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ಮೋಟಾರುಗಳೆಲ್ಲ ರಿವೈಂಡಿಂಗ್‌ಗೆ ಬರುವುದು ಇಲ್ಲಿಗೆ. ಇಂಡಕ್ಷನ್ ಮೋಟಾರು ಸುಟ್ಟರೆ ತಾಮ್ರ ಸುತ್ತಿಕೊಡುವ ಕೈಗಳು ಇಲ್ಲಿವೆ. ನನ್ನ ಈಗಿನ ಯಂತ್ರದ ಕೆಪಾಸಿಟರ್ ಹೋದಾಗ ಬೆಳಿಗ್ಗೆ ಕೊಟ್ಟು, ಬೆಣ್ಣೆ ದೋಸೆ ತಿಂದು ಬರುವಷ್ಟರಲ್ಲಿ ಹೊಸದು ಹಾಕಿಟ್ಟಿದ್ದರು. ಹಳೆಯ ಯಂತ್ರದ ಆರ್ಮೇಚರ್ ಹಿಡಿದು ಅದೇ ಅಂಗಡಿಗೆ ಹೋಗಿದ್ದಾಗ ಅವರು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕೆ ನಮ್ಮಲ್ಲಿ ದಾರಿ ಇಲ್ಲ ಎಂದು ವಾಪಸು ಕೊಟ್ಟಿದ್ದರು. ನಿಮ್ಮ ಊರಿನಲ್ಲಿ ರಿಪೇರಿಯಾಗುವ ಯಂತ್ರ ಯಾವುದೋ ಅದೇ ನಿಮಗೆ ಸರಿಯಾದ ಯಂತ್ರ.

ಅಂಗಡಿಯವರು ಎಲ್ಲವನ್ನೂ ಇಂಡಕ್ಷನ್ ಎನ್ನುತ್ತಾರೆ. ನನಗೆ ಹೇಗೆ ಗೊತ್ತಾಗಬೇಕು?

ಎತ್ತಿ ನೋಡಿ. ಒಂದು ಕೈಯಲ್ಲಿ ಆರಾಮವಾಗಿ ಎತ್ತುವ ಹಾಗಿದ್ದರೆ ಅದು ಇಂಡಕ್ಷನ್ ಆಗಿರುವುದು ಕಷ್ಟ. ಒಳಗೆ ಕಬ್ಬಿಣ, ತಾಮ್ರ ಇದ್ದರೆ ಭಾರ ಇದ್ದೇ ಇರುತ್ತದೆ. ಮೋಟಾರಿನ ಪಟ್ಟಿಯಲ್ಲಿ ಸುತ್ತಿನ ವೇಗ ಓದಿ. ಸ್ವಿಚ್ ಹಾಕಿಸಿ ಕೇಳಿ: ಮಿಕ್ಸಿಯಂತೆ ಕಿರುಚಿದರೆ ಯೂನಿವರ್ಸಲ್, ನೀರೆತ್ತುವ ಮೋಟಾರಿನಂತೆ ಗುಂಯ್‌ಗುಟ್ಟಿದರೆ ಇಂಡಕ್ಷನ್. ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಂನದೋ ಎಂದು ಕೇಳಿ, ತಾಮ್ರ ಎಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಪಂಪಿನ ತಲೆ ಹಿತ್ತಾಳೆಯದಾಗಿದ್ದರೆ ಗಡಸು ನೀರಿಗೂ ವರ್ಷಗಟ್ಟಲೆಯ ದುಡಿಮೆಗೂ ಮೇಲು.

ಒಂದೇ ಕಂಪನಿಯ ಎರಡು ಬಣ್ಣದ ಯಂತ್ರಗಳಿಗೆ ಬೆಲೆಯಲ್ಲಿ ಅಷ್ಟೊಂದು ವ್ಯತ್ಯಾಸ ಏಕೆ?

ಬಣ್ಣವೇ ದರ್ಜೆಯ ಗುರುತು. ಕಾರ್ಚರ್‌ನಲ್ಲಿ ಹಳದಿ ಮನೆಬಳಕೆಗೆ, ಕಡುಬೂದು ವೃತ್ತಿಬಳಕೆಗೆ. ಬಾಷ್‌ನಲ್ಲಿ ಹಸಿರು ಮನೆಗೆ, ನೀಲಿ ವೃತ್ತಿಗೆ. ವಾರಂಟಿಯ ಷರತ್ತುಗಳೂ ಅದರಂತೆಯೇ ಬೇರೆಬೇರೆ.

ನಾನು ಗಿರಾಕಿಯ ಮನೆಗೇ ಹೋಗಿ ತೊಳೆಯುತ್ತೇನೆ. ಸ್ಕೂಟರ್‌ನಲ್ಲಿ ಒಯ್ಯಬೇಕು. ಏನು ಮಾಡಲಿ?

ಆಗ ನನ್ನ ಮಾತನ್ನು ಬದಿಗಿಟ್ಟು ಯೂನಿವರ್ಸಲ್ ಮೋಟಾರಿನ ಯಂತ್ರವನ್ನೇ ತೆಗೆದುಕೊಳ್ಳಿ. 20 ಕಿಲೋ ಮೇಲ್ಪಟ್ಟ ಯಂತ್ರವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹದಡಿ ರಸ್ತೆಯ ಗುಂಡಿಗಳಲ್ಲಿ ಸಾಗುವುದು ಬೇಡ. ಕಾರ್ಬನ್ ಸುಲಭವಾಗಿ ಹೊರಗಿನಿಂದಲೇ ತೆಗೆಯಲು ಬರುವ ಮಾದರಿ ಆರಿಸಿ, ಒಂದು ಜೊತೆ ಕಾರ್ಬನ್ ಸದಾ ಪೆಟ್ಟಿಗೆಯಲ್ಲಿರಲಿ, ಒಂದು ಕಾರಿಗೂ ಇನ್ನೊಂದಕ್ಕೂ ನಡುವೆ ಯಂತ್ರ ತಣ್ಣಗಾಗಲಿ. ಕೈಯಲ್ಲಿ ಹಿಡಿಯುವ ಬ್ಯಾಟರಿ ಗನ್‌ಗಳನ್ನು ತೋರಿಸಿ ಇದು ಸಾಕೇ ಎಂದು ಕೇಳುವವರಿದ್ದಾರೆ. ಸ್ವಂತ ಬೈಕು ತೊಳೆಯಲು ಸಾಕು, ದುಡಿಮೆಗೆ ಸಾಲದು.

## ಕರೆಂಟು

ಹೊಸ ಇಂಡಕ್ಷನ್ ಮಷಿನ್ ತಂದೆ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮಷಿನ್ ಕೆಟ್ಟದ್ದೇ?

ಹತ್ತರಲ್ಲಿ ಎಂಟು ಸಲ ಯಂತ್ರ ಸರಿಯಿರುತ್ತದೆ, ತಪ್ಪು ವೈರಿನದು. ಇಂಡಕ್ಷನ್ ಮೋಟಾರು ಎದ್ದೇಳುವ ಕ್ಷಣದಲ್ಲಿ, ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ. 8 ಆಂಪಿಯರ್‌ನ ಯಂತ್ರ ಆ ಒಂದು ಗಳಿಗೆ 40 ಆಂಪಿಯರ್ ಕೇಳುತ್ತದೆ. ಮದುವೆ ಮನೆಯ ಸೀರಿಯಲ್ ದೀಪಕ್ಕೆ ತಂದ, 0.75 ಚದರ ಮಿಲಿಮೀಟರ್‌ನ 25 ಮೀಟರ್ ಎಕ್ಸ್‌ಟೆನ್ಷನ್ ವೈರಿನಲ್ಲಿ ಆ ಕರೆಂಟು ಹರಿದರೆ ದಾರಿಯಲ್ಲೇ 50 ವೋಲ್ಟ್‌ನಷ್ಟು ಕಳೆದುಹೋಗುತ್ತದೆ. ಗೋಡೆಯಲ್ಲಿ 230 ಇದ್ದರೂ ಮೋಟಾರಿಗೆ ತಲುಪುವುದು 180. ಸಂಜೆ ಹೊತ್ತು ವೋಲ್ಟೇಜ್ ಮೊದಲೇ ಇಳಿದಿದ್ದರೆ ಅಷ್ಟೂ ಇಲ್ಲ. 2.5 ಚದರ ಮಿಲಿಮೀಟರ್‌ನ ಮೂರು ಕೋರ್ ತಾಮ್ರದ ವೈರ್ ಹಾಕಿದರೆ ಅದೇ ದೂರಕ್ಕೆ ನಷ್ಟ 15 ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ.

ಯಂತ್ರ ಕೊಳ್ಳುವ ಹಣದಲ್ಲಿ ಈ ವೈರಿನ ಹಣವನ್ನೂ ಸೇರಿಸಿಕೊಂಡೇ ಮನೆಯಿಂದ ಹೊರಡಿ. ಪ್ಲಗ್ಗನ್ನು 16 ಆಂಪಿಯರ್ ಪವರ್ ಸಾಕೆಟ್‌ಗೇ ಹಾಕಿ, ಟಿ.ವಿ. ಹಾಕುವ 6 ಆಂಪಿಯರ್ ಸಾಕೆಟ್‌ಗೆ ಪಿನ್ ಬದಲಾಯಿಸಿ ತುರುಕಬೇಡಿ. ಗನ್ ಒತ್ತಿ ಹಿಡಿದುಕೊಂಡು ಸ್ವಿಚ್ ಹಾಕಿದರೆ ಪಂಪಿನ ಮೇಲೆ ಭಾರ ಇಲ್ಲದ್ದರಿಂದ ಮೋಟಾರು ಸಲೀಸಾಗಿ ಏಳುತ್ತದೆ. ಇಷ್ಟೆಲ್ಲ ಮಾಡಿಯೂ ಗುಂಯ್‌ಗುಟ್ಟಿದರೆ ತಕ್ಷಣ ಆಫ್ ಮಾಡಿ, ಕೆಪಾಸಿಟರ್ ನೋಡಿಸಿ. ಹಾಗೆಯೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ.

ಹಳ್ಳಿಗಳಲ್ಲಿ ವೋಲ್ಟೇಜ್ ತೀರಾ ಕಡಿಮೆ ಇರುವವರಿಗೆ ಒಂದು ಮಾತು: ಯೂನಿವರ್ಸಲ್ ಮೋಟಾರು ಕಡಿಮೆ ವೋಲ್ಟೇಜಿನಲ್ಲೂ ನಿಧಾನವಾಗಿಯಾದರೂ ತಿರುಗುತ್ತದೆ. ಅದರ ಆ ಗುಣವನ್ನು ಒಪ್ಪಿಕೊಳ್ಳಬೇಕು.

ಮನೆಯ ಇನ್ವರ್ಟರ್ ಮೇಲೆ ಓಡುತ್ತದೆಯೇ?

ಇಲ್ಲ. ಫ್ಯಾನು, ದೀಪಕ್ಕೆಂದು ಇರುವ 900 ವಿಎ ಇನ್ವರ್ಟರಿಗೆ 1800 ವ್ಯಾಟ್ ಯಂತ್ರ ಹಾಕಿದರೆ ಅದು ಟ್ರಿಪ್ ಆಗುತ್ತದೆ. ಬೆಸ್ಕಾಂನಿಂದ ವಿದ್ಯುತ್ ನಿಲುಗಡೆಯ ಪ್ರಕಟಣೆ ಬಂದ ದಿನ ಗಿರಾಕಿಗೆ ಮೊದಲೇ ಫೋನ್ ಮಾಡಿ ಸಮಯ ಬದಲಾಯಿಸಿಕೊಳ್ಳಿ.

ಸರ್, ನನ್ನ ಮಗ ನೌಕರಿಯಿಂದ ಬಂದು ರಾತ್ರಿ ಒದ್ದೆ ನೆಲದ ಮೇಲೆ ನಿಂತು ಈ ಕೆಲಸ ಮಾಡುತ್ತಾನೆ. ಶಾಕ್ ಹೊಡೆಯುವುದಿಲ್ಲವೇ?

ಹೊಡೆಯಬಹುದು ತಾಯಿ, ನಿಮ್ಮ ಭಯ ಸರಿಯಾದದ್ದು. ಯಂತ್ರಕ್ಕೆ ಕರೆಂಟು ಹೋಗುವ ದಾರಿಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಥಟ್ಟನೆ ಕಡಿಯುವ ಸ್ವಿಚ್ ಹಾಕಿಸಿ. ಕರೆಂಟು ಮಿತಿ ಮೀರಿದಾಗ ಬೀಳುವ ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಎರಡೂ ಬೇರೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಲಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ವೈರಿನ ಜೋಡಣೆ ನೆಲದಲ್ಲಿ ಬಿದ್ದಿರಬಾರದು, ಎತ್ತರದಲ್ಲಿ ನೇತುಬಿಟ್ಟಿರಬೇಕು. ಕಾಲಿಗೆ ರಬ್ಬರ್ ಗಮ್‌ಬೂಟು.

ಇನ್ನೊಂದನ್ನು ಅವನಿಗೆ ಕೂರಿಸಿಕೊಂಡು ಹೇಳಿ. ಗನ್ನಿನ ಧಾರೆಯನ್ನು ಕೈಬೆರಳಿಗೆ ಹಿಡಿದು ನೋಡಬಾರದು. ಒತ್ತಡದ ನೀರು ಚರ್ಮದೊಳಗೆ ಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಅದು ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ. ಹಾಗಾದರೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು.

## ನೀರು

ನಮ್ಮಲ್ಲಿ ನಲ್ಲಿಯ ನೀರಿಗೆ ಒತ್ತಡವಿಲ್ಲ. ಡ್ರಮ್ಮಿನಿಂದ ಮಷಿನ್ ತಾನೇ ಎಳೆದುಕೊಳ್ಳುತ್ತದೆಯೇ?

ಹೆಚ್ಚಿನವು ಎಳೆಯುತ್ತವೆ, ಆದರೆ ಕೊಳ್ಳುವ ಮೊದಲು ಕೇಳಿ ಖಚಿತಪಡಿಸಿಕೊಳ್ಳಿ. ಡ್ರಮ್ಮನ್ನು ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ಯಂತ್ರಕ್ಕಿಂತ ಎತ್ತರದಲ್ಲಿಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಎಳೆಯುವ ಪೈಪು ಒಳಗೆ ಚಪ್ಪಟೆಯಾಗದಂಥ ಗಟ್ಟಿ ಪೈಪಾಗಿರಲಿ, ತುದಿಗೆ ಜಾಲರಿ ಇರಲಿ, ಒಳಬರುವ ಬಾಯಿಗೆ ಫಿಲ್ಟರ್ ಇರಲಿ. ಮೊದಲ ಸಲ ಗನ್ನಿಗೆ ಲ್ಯಾನ್ಸ್ (ಮುಂದಿನ ಉದ್ದ ಕೊಳವೆ) ಹಾಕದೆ, ಗಾಳಿಯೆಲ್ಲ ಹೋಗಿ ನೀರು ಏಕಧಾರೆಯಾಗಿ ಬರುವವರೆಗೆ ಒತ್ತಿ ಹಿಡಿಯಿರಿ. ನೀರಿಲ್ಲದೆ ಓಡಿದ ಪಂಪಿನ ಸೀಲುಗಳು ಬಹಳ ಬೇಗ ಹೋಗುತ್ತವೆ. ಡ್ರಮ್ಮು ಖಾಲಿಯಾಗುವುದನ್ನು ನೋಡಿಕೊಳ್ಳುವುದು ನಿಮ್ಮ ಕೆಲಸವೇ, ಯಂತ್ರಕ್ಕೆ ಅದು ತಿಳಿಯುವುದಿಲ್ಲ.

ಚಿತ್ರದುರ್ಗದ ಕಡೆ ಬೋರ್ ನೀರು. ತೊಳೆದ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಬೇರೆ ಮಷಿನ್ ಕೊಂಡರೆ ಹೋಗುತ್ತವೆಯೇ?

ಯಾವ ಯಂತ್ರಕ್ಕೂ ಅದು ಆಗುವುದಿಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ನೀರು ಆರಿದಾಗ ಅದು ಗಾಜು, ಬಣ್ಣದ ಮೇಲೆ ಉಳಿಯುತ್ತದೆ. ಅದೇ ಸುಣ್ಣ ನೀರು ಚಿಮ್ಮುವ ತುದಿಯಾದ ನಾಝಲ್‌ನಲ್ಲೂ, ವಾಲ್ವುಗಳಲ್ಲೂ ಕೂರುತ್ತದೆ.

ನೀರಿನ ಗಡಸುತನ ತೆಗೆಯುವ ಸಾಫ್ಟನರ್ ಹಾಕಿಸಿದವರು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದು, ಅಂಕಿ ಇಳಿದೇ ಇಲ್ಲ, ಮೋಸವಾಯಿತು ಎನ್ನುತ್ತಾರೆ. ಮೋಸವಲ್ಲ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ, ಕರಗಿರುವ ಒಟ್ಟು ಲವಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಉಳಿಯುವ ಕಲೆ ಮೃದು, ಒದ್ದೆ ಬಟ್ಟೆಗೆ ಹೋಗುತ್ತದೆ, ಯಂತ್ರವೂ ಬಾಳುತ್ತದೆ. ನಾನು ಮಾಡುವುದು ಇನ್ನೂ ಸರಳ: ಬೋರ್ ನೀರಿನಲ್ಲಿ ಎಲ್ಲ ತೊಳೆದು, ಕೊನೆಯ ಒಂದು ಸುತ್ತಿಗೆ ಮಾತ್ರ ಸಂಪಿನಲ್ಲಿ ಕೂಡಿಟ್ಟ ನಲ್ಲಿ ನೀರು. ದಾವಣಗೆರೆಗೆ ಬರುವುದು ತುಂಗಭದ್ರೆಯ ನೀರು, ಭದ್ರಾ ನಾಲೆಯ ನೀರು. ಬೋರ್ ನೀರಿಗಿಂತ ಎಷ್ಟೋ ಮೃದು. ಬಿಸಿಲಿನಲ್ಲಿ ತೊಳೆಯುವುದಿಲ್ಲ, ಒಂದು ಬದಿ ಮುಗಿದ ಕೂಡಲೇ ಒರೆಸುತ್ತೇನೆ.

ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ವ್ಯರ್ಥ ನೀರು ಬಿಟ್ಟಿ ಸಿಗುತ್ತದೆ. ಅದರಲ್ಲಿ ಕಾರು ತೊಳೆಯಬಹುದೇ?

ಚಿತ್ರದುರ್ಗ ಜಿಲ್ಲೆಯಲ್ಲಿ ಅಂತರ್ಜಲದ ಫ್ಲೋರೈಡ್ ಹಳೆಯ ಸಮಸ್ಯೆ, ಆದ್ದರಿಂದ ಇಂಥ ಘಟಕಗಳು ಹಳ್ಳಿಹಳ್ಳಿಯಲ್ಲಿವೆ. ಅಲ್ಲಿನ ಆರ್‌ಒ ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಬೋರ್ ನೀರಿಗಿಂತಲೂ ಹೆಚ್ಚು. ಚಕ್ರ, ಕಮಾನು, ರಬ್ಬರ್ ಮ್ಯಾಟು, ನೆಲ ತೊಳೆಯಲು ಬಕೆಟ್ಟಿನಲ್ಲಿ ಬಳಸಿ. ಬರಗಾಲದ ನಾಡಿನಲ್ಲಿ ಅದನ್ನು ಚರಂಡಿಗೆ ಬಿಡುವುದಕ್ಕಿಂತ ಅದು ಒಳ್ಳೆಯದು. ಬಣ್ಣದ ಮೇಲೆ, ಗಾಜಿನ ಮೇಲೆ, ಯಂತ್ರದೊಳಗೆ ಬೇಡ.

## ಕೊಳ್ಳುವ ದಿನ

ಆನ್‌ಲೈನ್‌ನಲ್ಲಿ ಮೂರು ಸಾವಿರ ಕಡಿಮೆಗೆ ಸಿಗುತ್ತದೆ. ಅಂಗಡಿಯಲ್ಲೇ ಏಕೆ ಕೊಳ್ಳಬೇಕು?

ಅಂಗಡಿಯಲ್ಲೇ ಕೊಳ್ಳಬೇಕೆಂದೇನಿಲ್ಲ. ಎಲ್ಲಿ ಕೊಂಡರೂ ಮೂರು ಮಾತು ಬಾಯಿಬಿಟ್ಟು ಕೇಳಿ. ಸೀಲ್ ಕಿಟ್ ಬಿಡಿಯಾಗಿ ಸಿಗುತ್ತದೆಯೇ? ಸರ್ವೀಸ್ ಕೇಂದ್ರ ದಾವಣಗೆರೆಯಲ್ಲಿದೆಯೇ ಅಥವಾ ಬೆಂಗಳೂರಿಗೆ ಕಳಿಸಬೇಕೇ? ದುಡಿಮೆಗೆ ಬಳಸಿದರೆ ವಾರಂಟಿ ಉಳಿಯುತ್ತದೆಯೇ? ಮನೆಬಳಕೆಯ ದರ್ಜೆಯ ಯಂತ್ರಗಳಲ್ಲಿ ಬಹುಪಾಲು ಮೂರನೆಯದಕ್ಕೆ ಉತ್ತರ ಇಲ್ಲ ಎಂದೇ ಇರುತ್ತದೆ. ನನ್ನ ಮೊದಲ ಯಂತ್ರ ಕೆಟ್ಟಾಗ, ಡಬ್ಬದಲ್ಲಿ ಬಿಟ್ಟಿದ್ದ ಕಾಗದದ ಸಣ್ಣಕ್ಷರದ ಸಾಲನ್ನು ತೋರಿಸಿ ವಾರಂಟಿ ನಿರಾಕರಿಸಿದರು. ಓದದೆ ಇದ್ದದ್ದು ನಾನು, ಆದರೆ ಮಾರುವಾಗ ಅದನ್ನು ಯಾರೂ ಹೇಳಿರಲಿಲ್ಲ.

ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆ ಮಾಡುತ್ತೇನೆ ಎನ್ನುವವರಿಂದ ಉಳಿಯುವ ಹಣ ಮೊದಲ ರಿಪೇರಿಗೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಮಷಿನ್ ನೋಡಲು ಹೋಗುತ್ತಿದ್ದೇನೆ. ಏನೇನು ಪರೀಕ್ಷಿಸಲಿ?

ಬಣ್ಣ ಬಳಿಯುವವರ 20 ಲೀಟರ್ ಬಕೆಟ್ಟು ಒಯ್ಯಿರಿ. ಗನ್, ನಾಝಲ್ ಹಾಕಿಕೊಂಡೇ, ನೀರು ಚಿಮ್ಮದಂತೆ ಧಾರೆಯನ್ನು ಬಕೆಟ್ಟಿನ ಒಳಗೋಡೆಗೆ ಓರೆಯಾಗಿ ಬಿಟ್ಟು ಗಡಿಯಾರ ನೋಡಿ. 8 ಲೀಟರ್ ಎಂದು ಹೇಳಿದ ಯಂತ್ರ 150 ಸೆಕೆಂಡಿನಲ್ಲಿ ತುಂಬಿಸಬೇಕು. 200 ಸೆಕೆಂಡ್ ಹಿಡಿದರೆ ಅದು 6 ಲೀಟರ್ ಯಂತ್ರ, ಅಥವಾ ವಾಲ್ವು ಸವೆದ 8 ಲೀಟರ್ ಯಂತ್ರ.

ಆಮೇಲೆ 20 ನಿಮಿಷ ಓಡಿಸಿ, ಆಫ್ ಮಾಡಿ, ಬಿಸಿಯಿರುವಾಗಲೇ ಮತ್ತೆ ಆನ್ ಮಾಡಿ. ಬಿಸಿಯಲ್ಲಿ ಏಳದ ಮೋಟಾರನ್ನು ಬಿಟ್ಟು ಬನ್ನಿ. ಧಾರೆ ಉಸಿರಾಡಿದಂತೆ ಹೆಚ್ಚುಕಡಿಮೆಯಾಗುತ್ತಿದ್ದರೆ ವಾಲ್ವು ಅಥವಾ ಗಾಳಿಯ ಸೋರಿಕೆ. ಆಯಿಲ್ ನೋಡುವ ಗಾಜಿದ್ದರೆ ಬಗ್ಗಿ ನೋಡಿ: ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಸೀಲು ದಾಟಿ ನೀರು ಒಳಗೆ ಹೋಗಿದೆ.

## ಇನ್ನೂ ಆಳಕ್ಕೆ

ನಾಝಲ್ ಮೇಲೆ 25030, 25035 ಎಂದೆಲ್ಲ ಸಂಖ್ಯೆ ಇದೆ. ಯಾವುದು ನನ್ನದು?

ಮೊದಲ ಎರಡು ಅಂಕಿ ಧಾರೆಯ ಕೋನ, 25 ಡಿಗ್ರಿ. ಉಳಿದದ್ದು ರಂಧ್ರದ ಅಳತೆ: 035 ಎಂದರೆ 4000 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 3.5 ಅಮೆರಿಕನ್ ಗ್ಯಾಲನ್ ಹೋಗುವ ರಂಧ್ರ. ಲೆಕ್ಕ ಹಾಕಿದರೆ 8 ಲೀಟರ್, 100 ಬಾರ್ ಯಂತ್ರಕ್ಕೆ 035 ಸರಿಹೋಗುತ್ತದೆ. 6 ಲೀಟರ್ ಯಂತ್ರಕ್ಕೆ 025 ಹತ್ತಿರ. ಚಿಕ್ಕ ರಂಧ್ರ ಹಾಕಿದರೆ ಒತ್ತಡ ಏರಿ, ಪಂಪು ನೀರನ್ನು ಒಳಗೇ ಸುತ್ತಿಸುತ್ತದೆ. ದೊಡ್ಡದು ಹಾಕಿದರೆ ಧಾರೆ ಸಪ್ಪೆ. ಯಂತ್ರ ಸೊರಗಿದೆ ಎಂದು ತಂದವರ ನಾಝಲ್ ಬದಲಾಯಿಸಿ ಎಷ್ಟೋ ಸಲ ವಾಪಸು ಕಳಿಸಿದ್ದೇನೆ. ಸವೆದ ರಂಧ್ರ ದೊಡ್ಡ ರಂಧ್ರವೇ.

ಬಣ್ಣಗಳ ಗುರುತು: ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಾರಿನ ಮೈಗೆ ಬಿಳಿ, ಚಕ್ರದ ಕಮಾನಿಗೆ ಹಸಿರು. ಕೆಂಪನ್ನು ನಾನು ಪೆಟ್ಟಿಗೆಯಿಂದಲೇ ತೆಗೆದಿಟ್ಟಿದ್ದೇನೆ. ಟೈರಿನ ಪಕ್ಕೆಗೆ ಒಂದು ಅಡಿಗಿಂತ ಹತ್ತಿರ ಯಾವ ನಾಝಲನ್ನೂ ಒಯ್ಯಬೇಡಿ, ಹೊರಗೆ ಕಾಣದ ಪೆಟ್ಟು ಒಳಗೆ ಉಳಿದು ರಸ್ತೆಯಲ್ಲಿ ಸಿಡಿಯಬಹುದು.

ಹೊಸ ಫೋಮ್ ಲ್ಯಾನ್ಸ್ ತಂದೆ. ಫೋಮ್ ಬರುವುದಿಲ್ಲ, ಹಾಲಿನಂಥ ನೀರು ಬರುತ್ತದೆ. ಶಾಂಪೂ ಬದಲಾಯಿಸಲೇ?

ಮೊದಲು ಅದರೊಳಗಿನ ಹಿತ್ತಾಳೆಯ ಚಿಕ್ಕ ರಂಧ್ರ ಬದಲಾಯಿಸಿ. ಸಾಮಾನ್ಯವಾಗಿ 1.25 ಮಿಲಿಮೀಟರ್ ರಂಧ್ರ ಹಾಕಿ ಮಾರುತ್ತಾರೆ. ಕಡಿಮೆ ಲೀಟರ್‌ನ ಯಂತ್ರಕ್ಕೆ 1.1 ಬೇಕು. ಒಳಗಿನ ತಂತಿಜಾಲರಿಯಲ್ಲಿ ಶಾಂಪೂ ಒಣಗಿ ಕಟ್ಟಿಕೊಂಡಿದ್ದರೆ ಬಿಸಿನೀರಿನಲ್ಲಿ ನೆನೆಹಾಕಿ. ಪ್ರತಿ ಸಂಜೆ ಒಂದು ನಿಮಿಷ ಬರೀ ನೀರು ಹಾಯಿಸಿದರೆ ಈ ಕೆಲಸವೇ ಬರುವುದಿಲ್ಲ.

ಹಳೆಯ ಹೋಸು, ಗನ್ನು ಹೊಸ ಯಂತ್ರಕ್ಕೆ ಕೂರುತ್ತದೆಯೇ ಎಂದೂ ಇಲ್ಲೇ ನೋಡಿಕೊಳ್ಳಿ. ಹೋಸು ತಿರುಗಿಸಿ ಕೂರಿಸುವ ಎಂ22 ಥ್ರೆಡ್ಡಿನಲ್ಲಿ ಒಳಗಿನ ಅಳತೆ 14 ಮತ್ತು 15 ಮಿಲಿಮೀಟರ್ ಎಂದು ಎರಡಿವೆ. ಹೊರಗಿನಿಂದ ಒಂದೇ ಥರ ಕಾಣುತ್ತವೆ, ತಿರುಗಿಸಿದರೆ ಕೂತೂ ಕೂರುತ್ತವೆ, ಒತ್ತಡ ಬಂದಾಗ ಸೋರುತ್ತವೆ. ಅಳೆಯಲು ವರ್ನಿಯರ್ ಇಲ್ಲದಿದ್ದರೆ ಹಳೆಯ ಹೋಸಿನ ತುದಿಯನ್ನೇ ಅಂಗಡಿಗೆ ಒಯ್ಯಿರಿ.

ಗನ್ ಬಿಟ್ಟರೆ ಕೆಲವು ಮಷಿನ್‌ಗಳು ನಿಲ್ಲುತ್ತವೆ, ಕೆಲವು ಓಡುತ್ತಲೇ ಇರುತ್ತವೆ. ಯಾವುದು ಒಳ್ಳೆಯದು?

ನಿಲ್ಲುವುದು ಸ್ವಯಂ ನಿಲುಗಡೆಯ ಯಂತ್ರ. ಕರೆಂಟು ಉಳಿಯುತ್ತದೆ, ಸದ್ದಿಲ್ಲ. ಆದರೆ ಕ್ಷಣಕ್ಷಣಕ್ಕೂ ಒತ್ತಿ ಬಿಡುವ ಕೈಯಿದ್ದರೆ ಮೋಟಾರು ನಿಂತು ಏಳುತ್ತಲೇ ಇರುತ್ತದೆ, ಸ್ವಿಚ್ಚು ಸವೆಯುತ್ತದೆ. ಓಡುತ್ತಲೇ ಇರುವ ಯಂತ್ರದಲ್ಲಿ ನೀರು ಪಂಪಿನೊಳಗೇ ಸುತ್ತುತ್ತದೆ, ಸುತ್ತಿದಷ್ಟೂ ಬಿಸಿಯಾಗುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಗನ್ ಬಿಡುವುದಾದರೆ ಆಫ್ ಮಾಡಿ. ಒಬ್ಬನೇ ಫೋಮ್ ಹೊಡೆದು, ಉಜ್ಜಿ, ಮತ್ತೆ ತೊಳೆಯುವ ನನ್ನಂಥವರಿಗೆ ಸ್ವಯಂ ನಿಲುಗಡೆ ಅನುಕೂಲ.

ಸರ್ವೀಸ್ ಸ್ಟೇಷನ್‌ನವರ ಹಾಗೆ ಬೆಲ್ಟಿನ 5 ಎಚ್‌ಪಿ ಪಂಪು ಹಾಕಿಬಿಡಲೇ?

ಮನೆಯಲ್ಲಿ ಮೂರು ಫೇಸ್ ಸಂಪರ್ಕ, ದೊಡ್ಡ ಸಂಪು, ದಿನವೂ ಕಾರು ಇದ್ದರೆ ಹಾಕಿ. ಅದು ಅರೆಕಾಲಿಕ ಕೆಲಸದ ಪಂಪಲ್ಲ. ವಾರಕ್ಕೆ ಆರು ಕಾರು, ಕಾರಿಗೆ 12 ನಿಮಿಷ ಎಂದರೆ ವರ್ಷಕ್ಕೆ ಯಂತ್ರ ದುಡಿಯುವುದು 60 ಗಂಟೆಯ ಆಸುಪಾಸು. ಒಳ್ಳೆಯ ಇಂಡಕ್ಷನ್ ಯಂತ್ರಕ್ಕೆ ಅದು ಹಗುರ ಕೆಲಸ. ಉಳಿದ ಹಣದಲ್ಲಿ ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಿ. ಗಿರಾಕಿ ಬಾಗಿಲು ತೆಗೆದು ಮೊದಲು ನೋಡುವುದು ಸೀಟಿನ ಸಂದಿಯನ್ನು.

ಸತ್ತ ಹಳೆಯ ಮಷಿನ್‌ನಿಂದ ಏನಾದರೂ ಉಳಿಸಿಕೊಳ್ಳಬಹುದೇ?

ಗನ್ನು, ಹೋಸು, ಫಿಲ್ಟರ್, ಚಕ್ರಗಳು, ಓ-ರಿಂಗುಗಳು, ಸ್ವಿಚ್ಚು. ಅಳತೆ ಹೊಂದಿದರೆ ಹಳೆಯ ಹೋಸನ್ನು ಹೊಸದಕ್ಕೆ ಜೋಡಿಸಿ ಉದ್ದ ಮಾಡಿಕೊಳ್ಳಿ. ಯಂತ್ರವನ್ನು ಎಳೆದಾಡದೆ ಕಾರಿನ ಸುತ್ತ ಬರಬಹುದು. ಯಂತ್ರದ ಮೈಯನ್ನು ಗುಜರಿಗೆ ಹಾಕುವ ಮೊದಲು ಪಂಪಿನ ಎಣ್ಣೆಯನ್ನು ಬಾಟಲಿಗೆ ಬಸಿದು, ಬೈಕ್ ಮೆಕ್ಯಾನಿಕ್‌ಗಳು ಹಳೆಯ ಎಂಜಿನ್ ಆಯಿಲ್ ಕೂಡಿಡುವ ಡ್ರಮ್ಮಿಗೆ ಹಾಕಿ ಬನ್ನಿ.